ನೇಣಿಗೆ ಹೋದ ಪ್ರಶ್ನೆ

ಥಾಮಸ್ ಐಕೆನ್‌ಹೆಡ್. ಎಡಿನ್‌ಬರೋದ ವಿದ್ಯಾರ್ಥಿ. ಅಪ್ಪ ಅಮ್ಮ ಇಲ್ಲದ ಹುಡುಗ, ಇಪ್ಪತ್ತರ ಆಸುಪಾಸು. 1697ರ ಜನವರಿ 8ರಂದು ಲೀತ್ ದಾರಿಯಲ್ಲಿ ಅವನನ್ನು ನೇಣಿಗೆ ಹಾಕಿದರು. ಕೊಂದಿರಲಿಲ್ಲ, ಕದ್ದಿರಲಿಲ್ಲ. ಮಾತಾಡಿದ್ದ, ಅಷ್ಟೆ. ಬೈಬಲಿನ ಹಳೆ ಒಡಂಬಡಿಕೆಯೆಲ್ಲ ಯೆಹೂದಿ ಶಾಸ್ತ್ರಿ ಎಜ್ರನ ಕಟ್ಟುಕತೆ ಎಂದಿದ್ದ. ಚಳಿಯ ರಾತ್ರಿ ಚರ್ಚಿನ ಪಕ್ಕ ಹಾದುಹೋಗುವಾಗ, ಎಜ್ರ ಹೇಳುವ ಆ ನರಕದಲ್ಲಿದ್ದಿದ್ದರೆ ಮೈಯಾದರೂ ಬೆಚ್ಚಗಾಗುತ್ತಿತ್ತು ಎಂದನಂತೆ. ಹಾಸ್ಟೆಲ್ ಹುಡುಗರು ದಿನಾ ಆಡುವ ಮಾತು! ಸಾಕ್ಷಿ ಹೇಳಿದವರೂ ಜೊತೆಗೆ ಓದಿದವರೇ.

ತಪ್ಪಾಯಿತು ಎಂದ, ವಯಸ್ಸು ನೋಡಿ ಬಿಡಿ ಎಂದು ಬೇಡಿಕೊಂಡ. ಚರ್ಚು ಕೇಳಿಕೊಂಡರೆ ಬಿಡಬಹುದು ಎಂದಿತು ರಾಜನ ಆಡಳಿತ ಮಂಡಳಿಯಾದ ಪ್ರಿವಿ ಕೌನ್ಸಿಲ್. ಚರ್ಚಿನ ಮಹಾಸಭೆ ಆಗ ಅದೇ ಊರಲ್ಲಿ ಸೇರಿತ್ತು. ಕರುಣೆಯ ದೇವರ ಆ ಏಜೆಂಟರು ಕೇಳಿದ್ದು ಹುಡುಗನ ಜೀವವನ್ನಲ್ಲ. ಅಧರ್ಮದ ವಿರುದ್ಧದ ಕಾನೂನು ಇನ್ನೂ ಬಿಗಿಯಾಗಿ ಜಾರಿಯಾಗಲಿ ಎಂದು!

ಅಷ್ಟಕ್ಕೂ ಅವನ ಅನುಮಾನ ಎಲ್ಲಿಂದ ಬಂತು? ಮೋಶೆ ಬರೆದನೆನ್ನುವ ಧರ್ಮೋಪದೇಶಕಾಂಡದ 34ನೇ ಅಧ್ಯಾಯ ತೆಗೆಯಿರಿ. ಮೋಶೆ ಸತ್ತ, ಮಣ್ಣಾದ, ಜನ 30 ದಿನ ಅತ್ತರು. ತನ್ನ ಸೂತಕದ ಲೆಕ್ಕವನ್ನು ತಾನೇ ಬರೆದಿಟ್ಟು ಹೋದನೇ? 1670ರಲ್ಲೇ ತತ್ವಜ್ಞಾನಿ ಸ್ಪಿನೋಜ ಇದನ್ನು ಎತ್ತಿ ಆಡಿದ್ದ, ಎಜ್ರನ ಕಡೆಗೇ ಬೆರಳು ತೋರಿಸಿದ್ದ. ಪುಸ್ತಕಕ್ಕೆ ತನ್ನ ಹೆಸರು ಹಾಕಿರಲಿಲ್ಲ, ಬುದ್ಧಿವಂತ. 1878ರಲ್ಲಿ ಜರ್ಮನಿಯ ಬೈಬಲ್ ವಿದ್ವಾಂಸ ವೆಲ್‌ಹೌಸನ್, ಮೋಶೆಯದೆನ್ನುವ ಗ್ರಂಥಗಳು ಹಲವು ಕಾಲದ ಹಲವು ಕೈಗಳ ಬರಹ ಎಂದು ಎಳೆಎಳೆಯಾಗಿ ಬಿಡಿಸಿಟ್ಟ. ಅಂಥದ್ದನ್ನೇ ಸ್ಕಾಟ್ಲೆಂಡಿನಲ್ಲಿ ಬರೆದ ರಾಬರ್ಟ್‌ಸನ್ ಸ್ಮಿತ್ 1881ರಲ್ಲಿ ಅಬರ್ಡೀನಿನ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡ. ಪ್ರಾಣ ಉಳಿಯಿತು, ಅದೇ ಪ್ರಗತಿ. ಇವತ್ತು ವಿಶ್ವವಿದ್ಯಾಲಯಗಳಲ್ಲಿ ಇದು ಪಠ್ಯ, ಪರೀಕ್ಷೆ, ಪದವಿ. ಅದನ್ನೇ ಓದಿ ಪಾಸಾದ ಎಷ್ಟೋ ಸಭಾಪಾಲಕರು ಭಾನುವಾರದ ಪ್ರಸಂಗಕ್ಕೆ ನಿಂತರೆ ಮಾತ್ರ ಮತ್ತೆ ಮೋಶೆಯ ಕೈಗೇ ಲೇಖನಿ ಕೊಡುತ್ತಾರೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ಇವರಿಗಿಂತ, ಗೊತ್ತಿಲ್ಲದೆ ಕೈಮುಗಿಯುವ ಅಜ್ಜಿಯೇ ನನಗೆ ಮೇಲು.

ನಾವೇನು ಸಾಚಾಗಳೇ? ವಚನಗಳನ್ನು ಬಗೆದು ಓದಿದ ಎಂ.ಎಂ. ಕಲಬುರ್ಗಿಯವರಿಂದ 1989ರಲ್ಲಿ ಅವರ ಬರಹವನ್ನೇ ಹಿಂತೆಗೆಸಿದೆವು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಿಗೇ ಗುಂಡು ಬಂತು.

ಆ ಹುಡುಗನನ್ನು ನೇಣಿಗೆ ಕಳಿಸಿದ ದೈವನಿಂದೆಯ ಅಪರಾಧವನ್ನು ಕಿತ್ತುಹಾಕುವ ಕಾನೂನನ್ನು ಸ್ಕಾಟ್ಲೆಂಡ್ 2021ರಲ್ಲಿ ಪಾಸು ಮಾಡಿತು. ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತಂದರೆ ಶಿಕ್ಷಿಸುವ, ಬ್ರಿಟಿಷರು 1927ರಲ್ಲಿ ನಮಗೆ ಕೊಟ್ಟ ದಂಡಸಂಹಿತೆಯ 295ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಎಂದು ನಂಬರು ಬದಲಿಸಿಕೊಂಡು ಕೂತಿದೆ. ಶಿಕ್ಷೆ ಹಿಂದಿನಷ್ಟೇ, ಮೂರು ವರ್ಷದವರೆಗೆ.