ಮಕ್ಕಳ ಕೈಗೆ ಕೂಪನ್ ಪುಸ್ತಕ ಏಕೆ?

ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ ನಾವೂ ಶಾಲೆಯಲ್ಲಿ ದುಡ್ಡು ಕೊಟ್ಟವರೇ. 1949ರಿಂದ ನಡೆದುಬಂದ ಈ ಸಂಗ್ರಹ ಸೈನಿಕರ ಕುಟುಂಬಗಳಿಗಾಗಿ ಎಂದು ಮೇಷ್ಟ್ರು ಹೇಳುತ್ತಿದ್ದರು. ಎಷ್ಟೇ ಕೊಟ್ಟರೂ ಎಲ್ಲರ ಅಂಗಿಗೆ ಒಂದೇ ಬಗೆಯ ಪುಟ್ಟ ಬಾವುಟ.

ಈಗ ಎರಡನೇ ತರಗತಿಯಲ್ಲಿರುವ ಅಕ್ಕನ ಮಗಳ ಕೈಗೆ ಶಾಲೆ ಕೊಟ್ಟಿರುವುದು ಲಕ್ಕಿ ಡ್ರಾ ಪುಸ್ತಕ. 20 ಕೂಪನ್, ತಲಾ 50 ರೂಪಾಯಿ. ಹೆಚ್ಚು ಮಾರಿದವರಿಗೆ ವಾರ್ಷಿಕೋತ್ಸವದಲ್ಲಿ ಬಹುಮಾನ. ಉಳಿದದ್ದಕ್ಕೆ ಮನೆಯವರೇ ದುಡ್ಡು ತುಂಬಬೇಕು. ಬಿ.ಇ. ಓದುತ್ತಾ ಹಾಸ್ಟೆಲ್‌ನಲ್ಲಿರುವ ನನಗೂ ಫೋನ್: ‘ಮಾಮಾ, ನಿನ್ನ ಫ್ರೆಂಡ್ಸ್ ತಗೋತಾರಾ?’ ‘ನನ್ನನ್ನೇ ಕೇಳಿದ್ದರೆ ಜಗಳವಾಡಿಯಾದರೂ ಕೊಡುತ್ತಿದ್ದೆ. ಮಗುವನ್ನು ಮುಂದಿಟ್ಟರೆ ಏನು ಮಾಡಲಿ?’ ಎನ್ನುವುದು ಅಕ್ಕನ ಸಂಕಟ.

ಸಮಸ್ಯೆ ಇರುವುದೇ ಅಲ್ಲಿ. ದೊಡ್ಡವರು ಕೇಳಿದರೆ ಇಲ್ಲ ಎನ್ನಬಹುದು. ಏಳು ವರ್ಷದ ಮಗುವಿಗೆ ಹಾಗೆನ್ನಲು ನೆರೆಯವರಿಗೂ ಮನಸ್ಸಾಗದು. ಆ ಸಂಕೋಚವೇ ಬಂಡವಾಳ. ದೊಡ್ಡ ಅಪಾರ್ಟ್‌ಮೆಂಟಿನ ಮಗು ಒಂದೇ ಸಂಜೆಗೆ ಪುಸ್ತಕ ಖಾಲಿ ಮಾಡುತ್ತದೆ. ಕೂಲಿಯವರ ಮಗು ಅರ್ಧ ಪುಸ್ತಕ ಹಿಂದಿರುಗಿಸಿ ತಲೆ ತಗ್ಗಿಸುತ್ತದೆ. ಅಪ್ಪನ ಜೇಬು ನೋಡಿ ಮಗುವಿಗೆ ಬಹುಮಾನ ಕೊಟ್ಟಂತಾಯಿತು! ಲಾಟರಿಯನ್ನು 2007ರಲ್ಲೇ ನಿಷೇಧಿಸಿದ ರಾಜ್ಯದಲ್ಲಿ ಅದೃಷ್ಟದ ಚೀಟಿ ಮಾರುವುದನ್ನು ಶಾಲೆಯೇ ಕಲಿಸಬೇಕೆ?

ಶಾಲೆಗೂ ಹಣ ಬೇಕು, ಒಪ್ಪೋಣ. ಅದನ್ನು ಪೋಷಕರ ಸಭೆಯಲ್ಲಿ ನೇರವಾಗಿ ಕೇಳಲಿ, ಖರ್ಚಿನ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಯಾರು ಎಷ್ಟು ಕೊಟ್ಟರು ಎಂಬುದು ಮಾತ್ರ ತರಗತಿಯ ಮಕ್ಕಳಿಗೆ ತಿಳಿಯುವುದು ಬೇಡ.