ಕಾಳ್ಗಿಚ್ಚು ಮತ್ತು ಮನೆಯ ಸುತ್ತಲಿನ ಐದು ಅಡಿ

ಕಾಡಿನಂಚಿನ ಊರುಗಳಲ್ಲಿ ಮನೆಗಳು ಹೇಗೆ ಹೊತ್ತಿಕೊಳ್ಳುತ್ತವೆ ಎಂಬುದನ್ನು ಸರಿಯಾಗಿ ತಿಳಿಯದೆ ಅವುಗಳ ರಕ್ಷಣೆಯ ಬಗ್ಗೆ ಮಾಡುವ ಯಾವ ಯೋಜನೆಯೂ ಫಲ ಕೊಡುವುದಿಲ್ಲ. ಕಾಡಿನ ಕಡೆಯಿಂದ ಎತ್ತರದ ಜ್ವಾಲೆಗಳು ನುಗ್ಗಿ ಬಂದು ಊರನ್ನು ನುಂಗುತ್ತವೆ ಎಂಬುದು ಸಾಮಾನ್ಯ ಕಲ್ಪನೆ. ಆದರೆ 2018ರ ನವೆಂಬರ್ 8ರಂದು ಉತ್ತರ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವು ‘ಕ್ಯಾಂಪ್ ಫೈರ್’ ಎಂಬ ಕಾಳ್ಗಿಚ್ಚಿಗೆ ಆಹುತಿಯಾಗಿ 85 ಮಂದಿ ಸತ್ತು, 18 ಸಾವಿರಕ್ಕೂ ಹೆಚ್ಚು ಕಟ್ಟಡಗಳು ನಾಶವಾದಾಗ, ಬೂದಿಯಾದ ಮನೆಗಳ ನಡುವೆ ಅನೇಕ ಮರಗಳು ಹಸಿರಾಗಿಯೇ ಉಳಿದಿದ್ದವು. ಮರ ಉಳಿದು ಮನೆ ಸುಟ್ಟಿದೆಯೆಂದರೆ ಬೆಂಕಿ ಬಂದ ದಾರಿ ಬೇರೆಯೇ ಆಗಿರಬೇಕು.

ಆ ದಾರಿಯನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜಾಕ್ ಕೋಹೆನ್. ಮರಗಳ ನೆತ್ತಿಯವರೆಗೂ ಉರಿಯುವ ಬೆಂಕಿಯ ಎದುರಿಗೆ ಮರದ ಗೋಡೆಗಳನ್ನು ನಿಲ್ಲಿಸಿ ನಡೆಸಿದ ಪ್ರಯೋಗಗಳಲ್ಲಿ, ಸುಮಾರು 30 ಮೀಟರ್ ದೂರದಲ್ಲಿದ್ದ ಗೋಡೆಗಳು ಆ ಶಾಖಕ್ಕೆ ಹೊತ್ತಿಕೊಳ್ಳಲಿಲ್ಲ. ಬಹುಪಾಲು ಮನೆಗಳಿಗೆ ಬೆಂಕಿ ಹತ್ತುವುದು ಬಿರುಗಾಳಿ ಹೊತ್ತು ತರುವ ಉರಿಯುವ ಕಿಡಿಗಳಿಂದ. ಕಿಲೋಮೀಟರುಗಟ್ಟಲೆ ದೂರದಿಂದಲೂ ಹಾರಿ ಬರಬಲ್ಲ ಈ ಕಿಡಿಗಳು ಚಾವಣಿಯಂಚಿನ ದೋಣಿಯಲ್ಲಿ ಸೇರಿದ ಒಣ ಎಲೆಯ ಮೇಲೋ, ಗೋಡೆಗೆ ಒರಗಿಸಿಟ್ಟ ಸೌದೆಯ ಮೇಲೋ, ಬಾಗಿಲ ಬಳಿಯ ತೆಂಗಿನ ನಾರಿನ ಕಾಲೊರಸಿನ ಮೇಲೋ ಬಿದ್ದು ಸಣ್ಣಗೆ ಉರಿಯತೊಡಗುತ್ತವೆ, ಇಲ್ಲವೇ ಅಟ್ಟದ ಗಾಳಿಕಿಂಡಿಯಿಂದ ಒಳನುಗ್ಗಿ ಮನೆಯನ್ನು ಒಳಗಿನಿಂದಲೇ ಸುಡುತ್ತವೆ. 2017ರ ಅಕ್ಟೋಬರಿನಲ್ಲಿ ಸಾಂಟಾ ರೋಸಾ ನಗರದ ಕಾಫಿ ಪಾರ್ಕ್ ಬಡಾವಣೆಯ ನಿವಾಸಿಗಳು ತಮಗೂ ಕಾಡಿಗೂ ನಡುವೆ ಆರು ಪಥಗಳ ಹೆದ್ದಾರಿಯಿದೆಯೆಂಬ ಧೈರ್ಯದಲ್ಲಿದ್ದರು. ಕಿಡಿಗಳು ಆ ಹೆದ್ದಾರಿಯನ್ನು ದಾಟಿದವು, ಬಡಾವಣೆಗೆ ಬಡಾವಣೆಯೇ ಸುಟ್ಟುಹೋಯಿತು.

ಹೀಗಾಗಿ ಮನೆಯ ಉಳಿವಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಗೋಡೆಯಿಂದ ಐದು ಅಡಿಯೊಳಗಿನ ಜಾಗ. ಕ್ಯಾಲಿಫೋರ್ನಿಯಾದಲ್ಲಿ ‘ಶೂನ್ಯ ವಲಯ’ ಎಂದು ಕರೆಯುವ ಈ ಪಟ್ಟಿಯಲ್ಲಿ ಉರಿಯಬಲ್ಲ ಏನೂ ಇರಬಾರದು, ಅಂದರೆ ಪೊದೆ, ತೊಗಟೆಯ ಹೊದಿಕೆ, ಮರದ ಬೇಲಿಯ ಕೊನೆಯ ತುಂಡು, ಪ್ಲಾಸ್ಟಿಕ್ ಕುರ್ಚಿ ಯಾವುದೂ ಅಲ್ಲಿರದೆ ಜಲ್ಲಿ ಅಥವಾ ಕಾಂಕ್ರೀಟ್ ಮಾತ್ರ ಇರಬೇಕು. ಗಾಳಿಕಿಂಡಿಗಳಿಗೆ ಮೂರು ಮಿಲಿಮೀಟರಿಗಿಂತ ಹಿರಿದಲ್ಲದ ಕಣ್ಣಿನ ಲೋಹದ ಜಾಲರಿಯನ್ನು ಹೊಡೆಯುವುದು, ದೋಣಿಗಳಲ್ಲಿನ ಎಲೆ ತೆಗೆಯುವುದು ದುಬಾರಿ ಕೆಲಸಗಳೇನಲ್ಲ. ಬೆಂಕಿ ಕಂಡ ಮೇಲೆ ಇವನ್ನು ಮಾಡಲು ಹೊತ್ತು ಸಿಗುವುದಿಲ್ಲವಾದ್ದರಿಂದ ಬೇಸಿಗೆಗೆ ಮುನ್ನವೇ ಮುಗಿಸಿರಬೇಕು.

ಇಷ್ಟು ಸರಳವಾದ ಕ್ರಮವನ್ನು ಕಡ್ಡಾಯಗೊಳಿಸುವುದರಲ್ಲಿ ಆ ರಾಜ್ಯ ತೋರಿದ ವಿಳಂಬ ಮಾತ್ರ ಸಮರ್ಥನೀಯವಲ್ಲ. ಶೂನ್ಯ ವಲಯದ ಕಾಯಿದೆಗೆ 2020ರಲ್ಲೇ ಅನುಮೋದನೆ ದೊರೆತು, 2023ರ ಆರಂಭದೊಳಗೆ ನಿಯಮಗಳು ಸಿದ್ಧವಾಗಬೇಕೆಂದು ಗೊತ್ತುಪಡಿಸಲಾಗಿತ್ತು, ಅವು ಸಿದ್ಧವಾಗಲಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಪಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳು 16 ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟು, 30ಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡ ಮೇಲಷ್ಟೇ, ಗವರ್ನರ್ ಗ್ಯಾವಿನ್ ನ್ಯೂಸಮ್ ಅವುಗಳನ್ನು ಬೇಗ ಮುಗಿಸುವಂತೆ ಆದೇಶ ಹೊರಡಿಸಿದರು. ಗೋಡೆಯ ಬುಡದ ಹೂಗಿಡಗಳನ್ನು ಕೀಳಲು ಮನಸ್ಸಾಗದ ಮನೆಯವರ ಅಸಮಾಧಾನ ಸಹಜವೇ. ಆದರೆ ಒತ್ತೊತ್ತಾಗಿ ಕಟ್ಟಿದ ಬಡಾವಣೆಗಳಲ್ಲಿ, ಒಮ್ಮೆ ಹೊತ್ತಿಕೊಂಡ ಮನೆ ತಾನೇ ಉರುವಲಾಗಿ ಪಕ್ಕದ ಮನೆಯನ್ನು ಸುಡುವುದರಿಂದ, ಒಬ್ಬರ ಅಂಗಳವು ಅವರೊಬ್ಬರ ಇಷ್ಟಾನಿಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿಯುವುದಿಲ್ಲ. ಸ್ವಯಂಪ್ರೇರಣೆಯನ್ನೇ ನಂಬಿ ಕೂತರೆ, ಎಚ್ಚರವಾಗಿರುವ ಹತ್ತು ಮನೆಗಳು ಎಚ್ಚರವಿಲ್ಲದ ಒಂದು ಮನೆಯಿಂದ ಬೂದಿಯಾಗುತ್ತವೆ.

ಮನೆಯನ್ನು ಸಜ್ಜುಗೊಳಿಸುವುದು ಒಂದು, ಮನೆಯಲ್ಲೇ ಉಳಿಯುವುದು ಇನ್ನೊಂದು. ಇವೆರಡನ್ನು ಬೆರೆಸಿದ್ದರ ಪರಿಣಾಮವನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2009ರ ಫೆಬ್ರವರಿ 7ರಂದು ಅನುಭವಿಸಿತು. ಸಜ್ಜಾಗಿ ನಿಂತು ಮನೆಯನ್ನು ಕಾಪಾಡಿಕೊಳ್ಳಿ ಅಥವಾ ಬೇಗನೆ ಹೊರಡಿ ಎಂಬುದು ಅಲ್ಲಿನ ಅಧಿಕೃತ ನೀತಿಯಾಗಿತ್ತು. ಮೆಲ್ಬರ್ನಿನಲ್ಲಿ ತಾಪಮಾನ 46 ಡಿಗ್ರಿ ಸೆಲ್ಸಿಯಸ್ ದಾಟಿದ ಆ ದಿನ ಕಾಳ್ಗಿಚ್ಚಿಗೆ 173 ಮಂದಿ ಸತ್ತರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸತ್ತದ್ದು ಮನೆಗಳಲ್ಲೇ. ರಾಯಲ್ ಕಮಿಷನ್ ವಿಚಾರಣೆಯ ನಂತರ ಆ ನೀತಿ ಬದಲಾಯಿತು; ಅತಿ ಭೀಕರ ದಿನಗಳಲ್ಲಿ ಮುಂಚಿತವಾಗಿ ಹೊರಟುಹೋಗುವುದೇ ಸುರಕ್ಷಿತವೆಂದು ಈಗ ಅಲ್ಲಿ ಸ್ಪಷ್ಟವಾಗಿ ಹೇಳಲಾಗುತ್ತದೆ.

ಆದರೆ ಯಾವಾಗ ಹೊರಡಬೇಕು? ಅಧಿಕಾರಿಗಳ ಆದೇಶ ಬಂದ ಮೇಲೆ ಎಂಬ ಉತ್ತರ ಸಾಲದು ಎಂಬುದಕ್ಕೆ ಈಟನ್ ಬೆಂಕಿಯೇ ಸಾಕ್ಷಿ. ಜನವರಿ 7ರ ಸಂಜೆ ಆರರ ಸುಮಾರಿಗೆ ಹೊತ್ತಿದ ಆ ಬೆಂಕಿಗೆ ಸಂಬಂಧಿಸಿದ ತೆರವು ಆದೇಶವು ಆಲ್ಟಡೀನಾ ಪಟ್ಟಣದ ಪಶ್ಚಿಮ ಭಾಗಕ್ಕೆ ತಲುಪಿದ್ದು ಮರುದಿನ ನಸುಕಿನ ಮೂರು ಗಂಟೆಯ ನಂತರ. ಸತ್ತವರಲ್ಲಿ ಬಹುತೇಕರು ಆ ಭಾಗದವರೇ. ಹವಾಯಿಯ ಲಹೈನಾ ಪಟ್ಟಣ 2023ರ ಆಗಸ್ಟಿನಲ್ಲಿ ಸುಡುತ್ತಿದ್ದಾಗ ಎಚ್ಚರಿಕೆಯ ಸೈರನ್‌ಗಳು ಮೊಳಗಲೇ ಇಲ್ಲ. ತಡವಾಗಿ ಹೊರಟವರಿಗೆ ರಸ್ತೆಯೂ ಸಿಗುವುದಿಲ್ಲ. ಪಾಲಿಸೇಡ್ಸ್‌ನಲ್ಲಿ ಜನ ಕಾರುಗಳನ್ನು ನಡುದಾರಿಯಲ್ಲೇ ಬಿಟ್ಟು ಓಡಿದ್ದರಿಂದ ಬುಲ್ಡೋಜರ್ ತಂದು ಅವನ್ನು ಬದಿಗೆ ಸರಿಸಬೇಕಾಯಿತು. ಆದ್ದರಿಂದ ಬಿರುಗಾಳಿ ಮತ್ತು ಒಣಹವೆಯ ಮುನ್ಸೂಚನೆ ಬಂದ ದಿನವೇ ಕಾರಿಗೆ ಇಂಧನ ತುಂಬಿಸಿ, ಅದರ ಮುಖವನ್ನು ರಸ್ತೆಯತ್ತ ತಿರುಗಿಸಿ ನಿಲ್ಲಿಸುವುದು, ಹೊರಹೋಗಲು ಎರಡು ದಾರಿಗಳನ್ನು ಗುರುತಿಸಿಕೊಳ್ಳುವುದು, ದಾಖಲೆ, ಔಷಧಿ, ಮುಖಗವಸುಗಳ ಚೀಲವನ್ನು ಬಾಗಿಲಲ್ಲೇ ಇಡುವುದು ಭಯಸ್ಥರ ಲಕ್ಷಣವಲ್ಲ. ಗ್ಯಾರೇಜಿನ ಬಾಗಿಲನ್ನು ಕೈಯಿಂದ ಎತ್ತುವುದು ಹೇಗೆಂದು ಮನೆಯ ಎಲ್ಲರಿಗೂ ತಿಳಿದಿರಬೇಕು. 2017ರಲ್ಲಿ ವಿದ್ಯುತ್ ಕಡಿತಗೊಂಡು ಬಾಗಿಲು ತೆರೆಯಲಾಗದೆ ಕೆಲವರು ಸತ್ತ ಬಳಿಕವೇ, ಅಂತಹ ಬಾಗಿಲುಗಳಿಗೆ ಬ್ಯಾಟರಿ ಇರಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು.

ಈ ವಿಷಯ ಕನ್ನಡಿಗರಿಗೆ ದೂರದ್ದಲ್ಲ, ಏಕೆಂದರೆ ಅನೇಕ ಕನ್ನಡ ಕುಟುಂಬಗಳು ಆ ರಾಜ್ಯದಲ್ಲಿ ನೆಲೆಸಿವೆ. ಕರ್ನಾಟಕದ ಕಾಡುಗಳಲ್ಲಿ, 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಆದಂತೆ, ಬೆಂಕಿ ಹೆಚ್ಚಾಗಿ ಒಣಹುಲ್ಲು, ತರಗೆಲೆ, ಲಂಟಾನದ ಪೊದೆಗಳನ್ನು ಹಿಡಿದು ಸಾಗುತ್ತದೆ. ಅರಣ್ಯ ಸಿಬ್ಬಂದಿ ಬೆಂಕಿರೇಖೆ ತೆಗೆದು, ಹಸಿ ಸೊಪ್ಪಿನಿಂದ ಬಡಿದು ಅದನ್ನು ಆರಿಸಲು ಹೆಣಗುತ್ತಾರೆ. ಕಾಳ್ಗಿಚ್ಚೆಂದರೆ ಕಾಡಿಗೆ ಸೇರಿದ ಸಂಗತಿ ಎಂಬ ಈ ಪರಿಚಿತ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಮರದ ಚೌಕಟ್ಟಿನ ಮನೆಗಳ ನಾಡಿನಲ್ಲಿ ಬದುಕುವುದು ಅಪಾಯಕಾರಿ. ಪ್ಯಾರಡೈಸಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ವೃದ್ಧರಾಗಿದ್ದರು ಎಂಬುದನ್ನು, ಊರಿನಿಂದ ತಂದೆತಾಯಿಯನ್ನು ಕರೆಸಿಕೊಂಡಿರುವ ಮಕ್ಕಳು ವಿಶೇಷವಾಗಿ ಗಮನಿಸಬೇಕು. ಕಾರು ನಡೆಸಲು ಬಾರದ, ಮೊಬೈಲಿಗೆ ಬರುವ ಇಂಗ್ಲಿಷ್ ಎಚ್ಚರಿಕೆಯನ್ನು ಓದಲಾಗದ ಹಿರಿಯರು ಹಗಲಿಡೀ ಮನೆಯಲ್ಲಿ ಒಬ್ಬರೇ ಇರುವುದುಂಟು. ಅವರ ಪಾಸ್‌ಪೋರ್ಟು, ಮಾತ್ರೆ, ಕನ್ನಡಕಗಳನ್ನು ಒಂದೇ ಚೀಲದಲ್ಲಿ ತುಂಬಿಟ್ಟು, ತುರ್ತಿನಲ್ಲಿ ಅವರನ್ನು ಕರೆದೊಯ್ಯುವುದಾಗಿ ಒಪ್ಪಿಕೊಂಡ ನೆರೆಮನೆಯವರನ್ನು ಪರಿಚಯಿಸಿ, ಅವರ ದೂರವಾಣಿ ಸಂಖ್ಯೆಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವ ಕೆಲಸವನ್ನು ಮಕ್ಕಳು ಈ ವಾರವೇ ಮಾಡಿ ಮುಗಿಸಲಿ.