ನೆರೆನಾಡಿನ ಕನ್ನಡಿ

ಪ್ರವಾಸದ ನಿಜವಾದ ಬೆಲೆ ತಿಳಿಯುವುದು ಪ್ರವಾಸ ಮುಗಿದ ಮೇಲೆ. ದಾರಿಯಲ್ಲಿರುವಾಗ ವಿಮಾನದ ಹೊತ್ತಿನ ಚಿಂತೆ, ಮಕ್ಕಳ ಹಸಿವಿನ ಚಿಂತೆ, ಹಣದ ಲೆಕ್ಕದ ಚಿಂತೆ. ಇವೆಲ್ಲ ಅಳಿದು ಕೆಲವು ವರ್ಷಗಳು ಸಂದ ಬಳಿಕ ಮನಸ್ಸಿನಲ್ಲಿ ಏನು ಉಳಿಯುತ್ತದೆಯೋ ಅದೇ ಪ್ರವಾಸದ ಫಲ. ನಮ್ಮ ವಿದ್ಯಾವಂತ ಕುಟುಂಬಗಳು ರಜೆ ಬಂದಿತೆಂದರೆ ಕಡಲು ದಾಟುವುದು ಈಗ ಸಾಮಾನ್ಯವಾಗಿದೆ. ಅದು ಸಂತೋಷದ ಸಂಗತಿಯೇ. ಆದರೆ ಈ ಫಲವನ್ನು ಕುರಿತು ನಾವು ಸಾಕಷ್ಟು ವಿಚಾರ ಮಾಡುತ್ತಿದ್ದೇವೆಯೆ?

೨೦೧೮ರ ದಸರಾ ರಜೆಯಲ್ಲಿ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು ಮತ್ತು ನನ್ನ ತಾಯಿಯವರು ಶ್ರೀಲಂಕೆಯಲ್ಲಿ ಎಂಟು ದಿನ ಕಳೆದೆವು. ಪರದೇಶಕ್ಕೆ ಬಂದೆವೆಂಬ ಭಾವನೆ ತಾಯಿಯವರಿಗೆ ಒಂದು ಗಳಿಗೆಯೂ ಬರಲಿಲ್ಲ. ತೆಂಗು, ಹಲಸು, ಬಾಳೆ. ಮಧ್ಯಾಹ್ನ ಕಳೆಯುತ್ತಲೇ ಗುಡುಗಿನೊಡನೆ ಸುರಿಯುವ ಮಳೆ. ಬೆಳಗಿನ ತಿಂಡಿಗೆ ಒತ್ತುಶ್ಯಾವಿಗೆ. ರಸ್ತೆಯ ಬದಿಯಲ್ಲಿ ಕೆಂಬಣ್ಣದ ಎಳನೀರಿನ ರಾಶಿಯನ್ನು ಕಂಡು, "ಇದು ನಮ್ಮೂರಿನ ಗೆಂದಾಳಿಯಲ್ಲವೇನೊ?" ಎಂದರು. ಮಗಳಿಗೆ ಆಗ ಒಂಬತ್ತು ವರ್ಷ. ನಾಮಫಲಕಗಳ ಮೇಲಿನ ದುಂಡಗಿನ ಸಿಂಹಳ ಲಿಪಿಯನ್ನು ಕನ್ನಡವೆಂದೇ ಬಗೆದು ಓದಲು ಹೊರಟಳು. ಓದಲಾಗದೆ, "ಅಪ್ಪ, ಇದು ಕನ್ನಡದ ಹಾಗೇ ಇದೆ, ಆದರೆ ಕನ್ನಡ ಅಲ್ಲ" ಎಂದಳು. ಸಿಂಹಳವನ್ನು ಕುರಿತು ಕನ್ನಡಿಗರು ಹೇಳಬಹುದಾದ ಮೊದಲ ಮಾತು ಇದೇ ಇರಬೇಕು. ಎರಡು ಲಿಪಿಗಳೂ ಬ್ರಾಹ್ಮಿಯ ಸಂತಾನ. ಎರಡೂ ತಾಳೆಗರಿಯ ಮೇಲೆ ಕಂಟದ ಮೊನೆಯಲ್ಲಿ ಬೆಳೆದವು.

ಪ್ರವಾಸಿಗಳೆಲ್ಲ ಹೋಗುವ ಸಿಗಿರಿಯ ಬಂಡೆಗೆ ನಾವೂ ಹೋದೆವು. ೪೭೭ರಿಂದ ೪೯೫ರವರೆಗೆ ಆಳಿದ ಕಾಶ್ಯಪರಾಜನು ಅದರ ನೆತ್ತಿಯ ಮೇಲೆ ಅರಮನೆಯನ್ನೂ ನಡುವಿನಲ್ಲಿ ಸುಂದರಿಯರ ಚಿತ್ರಗಳನ್ನೂ ಮಾಡಿಸಿದನು. ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ. ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಅವುಗಳ ಕೆಳಗಿನ ಗೋಡೆ. ಗಾರೆಗೆ ಹೊಳಪು ಕೊಟ್ಟು ಮಾಡಿದ ಅದಕ್ಕೆ ಕನ್ನಡಿಗೋಡೆಯೆಂದು ಹೆಸರು. ರಾಜನು ಅಳಿದ ಬಳಿಕ, ಬಹುಮಟ್ಟಿಗೆ ಎಂಟರಿಂದ ಹತ್ತನೆಯ ಶತಮಾನದವರೆಗೆ, ಅಲ್ಲಿಗೆ ಬಂದ ಯಾತ್ರಿಕರು ಚಿತ್ರಗಳನ್ನು ನೋಡಿ ತಮಗೆ ತೋರಿದ್ದನ್ನು ಅದರ ಮೇಲೆ ಪದ್ಯವಾಗಿ ಗೀಚಿದರು. ಚೆಲುವಿಗೆ ಮರುಳಾದವರುಂಟು, ಈ ಹೆಣ್ಣುಗಳು ಮಾತಾಡಲೊಲ್ಲರೆಂದು ಹಲುಬಿದವರುಂಟು, ಬರೆದವರಲ್ಲಿ ಹೆಂಗಸರೂ ಉಂಟು. ವಿದ್ವಾಂಸರಾದ ಸೇನರತ್ ಪರಣವಿತಾನ ಅವರು ಇಂಥ ೬೮೫ ಪದ್ಯಗಳನ್ನು ಓದಿ, ೧೯೫೬ರಲ್ಲಿ ಪ್ರಕಟಿಸಿದರು. ಈಗ ಆ ಗೋಡೆಯನ್ನು ಮುಟ್ಟುವಂತಿಲ್ಲ, ಮುಟ್ಟಬಾರದು ಕೂಡ. ಆದರೆ ಕಂಡದ್ದಕ್ಕೆ ತನ್ನ ನುಡಿಯಲ್ಲಿ ಒಂದು ಮಾತು ಹೇಳಿ ಹೋಗಬೇಕೆಂಬ ಆ ಯಾತ್ರಿಕರ ಹಂಬಲವೂ ನಿಷಿದ್ಧವಾಗಬೇಕೆ? ಚಿತ್ರಕ್ಕೆ ಬೆನ್ನು ಮಾಡಿ ನಿಂತು ತಮ್ಮ ಮುಖವನ್ನೇ ಫೋಟೋ ತೆಗೆದುಕೊಳ್ಳುವ ಇಂದಿನ ಪ್ರವಾಸಿಗಳಿಗಿಂತ ಅವರು ಹೆಚ್ಚು ನೋಡಿದರೆಂದೇ ನನ್ನ ಎಣಿಕೆ.

ಊರಿಗೆ ಬಂದ ಮೇಲೆ ಸಿಂಹಳ ಸಾಹಿತ್ಯದ ಚರಿತ್ರೆಯನ್ನು ಹುಡುಕಿ ಓದಿದೆ. ಆ ಪದ್ಯಗಳ ಕಾಲದಲ್ಲಿಯೇ, ಒಂಬತ್ತನೆಯ ಶತಮಾನದಲ್ಲಿ, ದಂಡಿಯ 'ಕಾವ್ಯಾದರ್ಶ'ವನ್ನು ಅನುಸರಿಸಿ ಸಿಂಹಳದಲ್ಲಿ 'ಸಿಯಬಸ್‌ಲಕರ' ಎಂಬ ಲಕ್ಷಣಗ್ರಂಥ ಹುಟ್ಟಿತು. ಅದನ್ನು ಒಬ್ಬ ಅರಸನ ಹೆಸರಿಗೆ ಸಲ್ಲಿಸುತ್ತಾರೆ. ನಮ್ಮ 'ಕವಿರಾಜಮಾರ್ಗ'ವೂ ಅದೇ ಶತಮಾನದ್ದು, ಅದೇ ದಂಡಿಗೆ ಋಣಿ, ಅದಕ್ಕೂ ನೃಪತುಂಗನ ಹೆಸರಿನ ನಂಟು. ಸಂಸ್ಕೃತದ ಎದುರಿಗೆ ತಮ್ಮ ನುಡಿಯೂ ಕಾವ್ಯಕ್ಕೆ ತಕ್ಕುದೆಂದು ಎರಡು ನಾಡುಗಳು ಒಂದೇ ಕಾಲದಲ್ಲಿ ಎದ್ದುನಿಂತ ಸಂಗತಿ ಇದು. ನಮ್ಮ ಕನ್ನಡ ಎಂ.ಎ. ತರಗತಿಗಳಲ್ಲಿ ಅರಿಸ್ಟಾಟಲನಿಗೆ ಇರುವ ಜಾಗದಲ್ಲಿ ಹತ್ತನೆಯ ಒಂದು ಪಾಲಾದರೂ ಈ ನೆರೆಯವನಿಗೆ ಸಲ್ಲಬೇಡವೆ?

ನುಡಿಯ ಅಭಿಮಾನಕ್ಕೆ ಇನ್ನೊಂದು ಮುಖವೂ ಉಂಟು. ಆ ಪದ್ಯಗಳು ಅಚ್ಚಾದ ೧೯೫೬ರಲ್ಲಿಯೇ ಸಿಂಹಳವೊಂದೇ ಆಡಳಿತ ಭಾಷೆಯೆಂಬ ಕಾಯಿದೆ ಅಲ್ಲಿ ಜಾರಿಗೆ ಬಂದಿತು. ೧೯೮೧ರಲ್ಲಿ ತಮಿಳರ ಯಾಳ್ಪಾಣದ ಸಾರ್ವಜನಿಕ ಗ್ರಂಥಾಲಯವನ್ನು ಸುಟ್ಟರು. ಸುಮಾರು ೯೭,೦೦೦ ಪುಸ್ತಕಗಳೂ ಓಲೆಗರಿಗಳೂ ಬೂದಿಯಾದವು. ೧೯೮೩ರಲ್ಲಿ ಹೊತ್ತಿದ ಯುದ್ಧ ಆರಿದ್ದು ೨೦೦೯ರಲ್ಲಿ. ಆ ಯುದ್ಧಕ್ಕೆ ಕಾರಣಗಳು ಹಲವು, ಭಾಷೆಯೊಂದೇ ಅಲ್ಲ. ೧೯೮೭ರಲ್ಲಿ ತಮಿಳಿಗೂ ಆಡಳಿತ ಭಾಷೆಯ ಸ್ಥಾನ ದೊರೆಯಿತೆಂಬುದೂ ನಿಜ. ಆದರೆ ಆ ವೇಳೆಗೆ ಬೆಂಕಿ ಬಹುದೂರ ಹಬ್ಬಿತ್ತು. ನಾವು ಯಾಳ್ಪಾಣಕ್ಕೂ ಹೋಗಿದ್ದೆವು. ಮತ್ತೆ ಎದ್ದುನಿಂತಿರುವ ಆ ಬಿಳಿಯ ಕಟ್ಟಡದ ಮುಂದೆ ಸರಸ್ವತಿಯ ವಿಗ್ರಹವಿದೆ. ತಾಯಿಯವರು ಚಪ್ಪಲಿ ಬಿಟ್ಟು ಕೈಮುಗಿದರು. ಅಲ್ಲಿ ನಡೆದದ್ದೇನೆಂದು ಮಗ ಕೇಳಿದ, ಹೇಳಿದೆ. "ಪುಸ್ತಕ ಅವರಿಗೇನು ಮಾಡಿತ್ತು?" ಎಂದ. ಉತ್ತರಿಸುವುದು ಸುಲಭವಾಗಿರಲಿಲ್ಲ.

೧೯೫೬ ನಮಗೂ ಮರೆಯಲಾಗದ ವರ್ಷ. ಆ ನವೆಂಬರ್ ೧ರಂದೇ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದದ್ದು. ಕನ್ನಡಕ್ಕೆ ಆಡಳಿತದಲ್ಲಿ, ಶಾಲೆಯಲ್ಲಿ ಸಲ್ಲಬೇಕಾದುದು ಇನ್ನೂ ಬಹಳವಿದೆ. ಅದಕ್ಕಾಗಿ ಹೋರಾಡುವವರಲ್ಲಿ ನಾನೂ ಒಬ್ಬ. ಆದರೆ ತನ್ನ ನುಡಿಯನ್ನು ಬೆಳೆಸುವುದು ಬೇರೆ, ಇನ್ನೊಬ್ಬರ ನುಡಿಯನ್ನು ಅಳಿಸುವುದು ಬೇರೆ. ಮೊದಲನೆಯದರಿಂದ ಕನ್ನಡಿಗೋಡೆಯ ಪದ್ಯಗಳು ಹುಟ್ಟುತ್ತವೆ. ಎರಡನೆಯದರಿಂದ ಗ್ರಂಥಾಲಯಗಳು ಉರಿಯುತ್ತವೆ. ಅನ್ಯರ ವಿಚಾರವನ್ನು ಸೈರಿಸುವುದನ್ನೇ ಐಶ್ವರ್ಯವೆಂದು ಎಣಿಸಿದ ಗ್ರಂಥದಿಂದ ನಮ್ಮ ಸಾಹಿತ್ಯ ಆರಂಭವಾಗುತ್ತದೆ. ಆ ಮಾತನ್ನು ತರಗತಿಯಲ್ಲಿ ಅನೇಕ ಸಲ ವಿವರಿಸಿದ್ದೇನೆ. ಅದರ ಭಾರ ತಿಳಿದದ್ದು ಯಾಳ್ಪಾಣದಲ್ಲಿ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮಕ್ಕಳನ್ನು ಕರೆದುಕೊಂಡು ಹೊರನಾಡಿಗೆ ಹೋಗಿ. ಕಡಲನ್ನೂ ತೋರಿಸಿ, ಬೆಟ್ಟವನ್ನೂ ತೋರಿಸಿ. ಜೊತೆಗೆ ಆ ಜನ ಏನು ಬರೆದರು, ಏನು ಕಳೆದುಕೊಂಡರು ಎಂಬುದನ್ನೂ ತಿಳಿಸಿ. ಹಿಂದಿರುಗಿದ ಮೇಲೆ ಮಕ್ಕಳಿಂದ ಕನ್ನಡದಲ್ಲಿ ಒಂದೆರಡು ಪುಟಗಳನ್ನಾದರೂ ಬರೆಸಿ. ವ್ಯಯಿಸಿದ ಹಣಕ್ಕೆ ಅದಕ್ಕಿಂತ ಒಳ್ಳೆಯ ರಸೀತಿ ಇನ್ನೊಂದಿಲ್ಲ.